ಗುಡ್ಡದ ಸೈಕಲಿಗೆ ಸ್ಪ್ರಿಂಗು ಎಷ್ಟು ಬೇಕು?

ಸೈಕಲೆಂದರೆ ಶಾಲೆಗೆ, ಪೇಟೆಗೆ, ಹಾಲಿನ ಸೊಸೈಟಿಗೆ ಹೋಗಿಬರುವ ವಾಹನ ಎಂದಷ್ಟೇ ತಿಳಿದಿದ್ದ ಕಾಲ ಹಿಂದೆ ಸರಿದಿದೆ. ಗುಡ್ಡದ ನೆತ್ತಿಯಿಂದ ಕಲ್ಲು, ಬೇರು, ಕೊರಕಲುಗಳ ಮೇಲೆ ಭರದಿಂದ ಇಳಿದುಬರುವ 'ಡೌನ್‌ಹಿಲ್' ಸವಾರಿಯ ದೃಶ್ಯಗಳನ್ನು ಇಂದಿನ ಮಕ್ಕಳು ಮೊಬೈಲಿನಲ್ಲಿ ದಿನವೂ ನೋಡುತ್ತಾರೆ. ನೋಡಿದವರಿಗೆ ಅದರ ಹುಚ್ಚು ಹಿಡಿದರೆ ಆಶ್ಚರ್ಯವಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕೆ ಸೈಕಲು ಕೊಡಿಸಲು ಹೊರಟ ಹೆತ್ತವರ ಮುಂದೆ ಮಕ್ಕಳು ಇಡುವ ಬೇಡಿಕೆಯೂ ಸಾಮಾನ್ಯವಾಗಿ ಒಂದೇ: ಹಿಂದೆಯೂ ಮುಂದೆಯೂ ಶಾಕ್ ಇರುವ ಸೈಕಲೇ ಆಗಬೇಕು.

ಈ ಬೇಡಿಕೆಯಲ್ಲಿ ನ್ಯಾಯವೆಷ್ಟು, ಮೋಹವೆಷ್ಟು ಎಂಬುದನ್ನು ವಿವೇಚಿಸುವುದು ಅಪ್ರಸ್ತುತವಾಗಲಾರದು. ಇದರಲ್ಲಿ ಹಣದ ಪ್ರಶ್ನೆಯಿದೆ. ಹಣಕ್ಕಿಂತ ಮಿಗಿಲಾಗಿ ಮಕ್ಕಳ ಕೈಕಾಲುಗಳ ಪ್ರಶ್ನೆಯಿದೆ.

ಗುಡ್ಡದ ಸೈಕಲುಗಳಲ್ಲಿ ಈಗ ಮುಖ್ಯವಾಗಿ ಎರಡು ಬಗೆ. ಮುಂದಿನ ಚಕ್ರದ ಫೋರ್ಕಿಗೆ ಮಾತ್ರ ಶಾಕ್ ಇದ್ದು, ಹಿಂದಿನ ಭಾಗ ನಮ್ಮ ಸಾಮಾನ್ಯ ಸೈಕಲಿನಂತೆ ಅಲುಗದ ಚೌಕಟ್ಟಾಗಿದ್ದರೆ ಅದು 'ಹಾರ್ಡ್‌ಟೈಲ್'. ಹಿಂದಿನ ಚಕ್ರವೂ ಕೀಲುಗಳ ಮೇಲೆ ಮೇಲೆಕೆಳಗೆ ಆಡುವಂತಿದ್ದು ಅದಕ್ಕೂ ಬೇರೆಯೇ ಶಾಕ್ ಇದ್ದರೆ ಅದು 'ಫುಲ್ ಸಸ್ಪೆನ್ಷನ್'. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಒಂದು ಸಿಂಗಲ್ ಶಾಕ್, ಇನ್ನೊಂದು ಡಬಲ್ ಶಾಕ್. ಇಳಿಜಾರಿನ ಸವಾರಿಗೆ ಇವೆರಡರಲ್ಲಿ ಯಾವುದು ಮೇಲು ಎಂಬ ವಾದ ಈ ಆಟ ಬೆಳೆದ ನಾಡುಗಳಲ್ಲಿ ಬಹಳ ಕಾಲದಿಂದ ನಡೆದಿದೆ.

ಈ ಆಟ ಹುಟ್ಟಿದ್ದೇ ಶಾಕ್ ಇಲ್ಲದ ಸೈಕಲಿನ ಮೇಲೆ ಎಂಬುದನ್ನು ಮೊದಲಿಗೆ ನೆನಪಿಡಬೇಕು. ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಮರೀನ್ ಎಂಬ ಗುಡ್ಡಗಾಡಿನ ಜಿಲ್ಲೆಯಿದೆ. ಅಲ್ಲಿನ ಫೇರ್‌ಫ್ಯಾಕ್ಸ್ ಊರಿನ ಸಮೀಪ, ಕಾಡುಕಿಚ್ಚು ನಂದಿಸುವ ವಾಹನಗಳಿಗಾಗಿ ಕಡಿದ ಮಣ್ಣಿನ ದಾರಿಯೊಂದು ಸುಮಾರು ಎರಡು ಮೈಲಿನಲ್ಲಿ 1,300 ಅಡಿ ಇಳಿಯುತ್ತದೆ. 1976ರ ಅಕ್ಟೋಬರ್ 21ರಂದು ಕೆಲವು ಗೆಳೆಯರು ಗಡಿಯಾರ ಹಿಡಿದು ಅಲ್ಲಿ ಇಳಿಯುವ ಸ್ಪರ್ಧೆ ನಡೆಸಿದರು. ಅವರ ಕೈಯಲ್ಲಿದ್ದುದು ದಪ್ಪ ಟಯರಿನ, ಆಗಲೇ ಮೂರು ನಾಲ್ಕು ದಶಕಗಳಷ್ಟು ಹಳೆಯದಾಗಿದ್ದ ಸೈಕಲುಗಳು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಹಬ್ಬಿನೊಳಗೆ ಹಿಡಿಯುವ ಬ್ರೇಕು. ಒಂದು ಸಲ ಗುಡ್ಡ ಇಳಿದರೆ ಹಬ್ಬಿನ ಗ್ರೀಸೆಲ್ಲ ಕಾದು ಹೊಗೆಯಾಗಿ ಹೋಗುತ್ತಿತ್ತು. ಬಿಚ್ಚಿ ಹೊಸತಾಗಿ ತುಂಬಬೇಕಾಗುತ್ತಿತ್ತು. ಹಾಗೆ ಮರಳಿ ತುಂಬುವ ಕೆಲಸಕ್ಕೆ ಇಂಗ್ಲಿಷಿನಲ್ಲಿರುವ ಮಾತೇ ಆ ದಾರಿಯ ಹೆಸರಾಯಿತು: 'ರೀಪ್ಯಾಕ್'.

ಆ ದಾರಿಯನ್ನು ಗ್ಯಾರಿ ಫಿಶರ್ ಎಂಬವರು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದುದು ಅಲ್ಲಿನ ದಾಖಲೆ. ಗಂಟೆಗೆ 40 ಕಿಲೋಮೀಟರಿಗೂ ಮಿಕ್ಕಿದ ಸರಾಸರಿ ವೇಗವಿದು, ಅದೂ ಒಂದು ಸ್ಪ್ರಿಂಗೂ ಇಲ್ಲದ ಸೈಕಲಿನಲ್ಲಿ. ಹಳೆಯ ಚೌಕಟ್ಟುಗಳು ಮುರಿಯತೊಡಗಿದಾಗ ಅದೇ ಗೆಳೆಯರ ಪೈಕಿಯ ಜೋ ಬ್ರೀಜ್ 1977ರಲ್ಲಿ ಗುಡ್ಡಕ್ಕಾಗಿಯೇ ಹೊಸ ಚೌಕಟ್ಟು ಕಟ್ಟಿದರು. 1979ರಲ್ಲಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಸೇರಿ ಇಂತಹ ಸೈಕಲುಗಳ ಮಾರಾಟಕ್ಕೆ ತೊಡಗಿದರು. ಒಟ್ಟು ಆ ಕಾಲದಲ್ಲಿ ಸವಾರನ ಮೊಣಕಾಲು, ಮೊಣಕೈಗಳೇ ಶಾಕ್ ಆಗಿದ್ದವು.

ಹಾಗೆಂದ ಮಾತ್ರಕ್ಕೆ ಹಳೆಯದೇ ಲೇಸೆಂದು ಹಾಡಿ ಹೊಗಳುವ ಉದ್ದೇಶ ನಮಗಿಲ್ಲ. 1989ರ ಸುಮಾರಿಗೆ ಪಾಲ್ ಟರ್ನರ್ ಎಂಬ ಅಮೇರಿಕನರು 'ರಾಕ್‌ಶಾಕ್ಸ್' ಎಂಬ ಹೆಸರಿನಲ್ಲಿ ಮುಂದಿನ ಫೋರ್ಕಿನ ಶಾಕನ್ನು ಮಾರುಕಟ್ಟೆಗೆ ತಂದರು. ಅದು ಆಡುತ್ತಿದ್ದುದು ಹೆಚ್ಚೆಂದರೆ ಎರಡು ಇಂಚು. ಆದರೆ 1990ರಲ್ಲಿ ಕೊಲೊರಾಡೋ ರಾಜ್ಯದ ಡುರಾಂಗೋದಲ್ಲಿ ನಡೆದ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಇಳಿಜಾರಿನ ಓಟ ಗೆದ್ದ ಗ್ರೆಗ್ ಹರ್ಬೋಲ್ಡರ ಸೈಕಲಿನಲ್ಲಿದ್ದುದು ಆ ಫೋರ್ಕೇ. ಅಲ್ಲಿಂದ ಹತ್ತು ವರ್ಷ ಕಳೆಯುವುದರೊಳಗೆ ದೊಡ್ಡ ಸ್ಪರ್ಧೆಗಳಲ್ಲಿ ಹಿಂದಿನ ಚಕ್ರಕ್ಕೂ ಶಾಕ್ ಬಂದು ನೆಲೆಯೂರಿತು. ಈಗಿನ ವಿಶ್ವಕಪ್ ಇಳಿಜಾರು ಸ್ಪರ್ಧೆಯ ಸೈಕಲುಗಳ ಚಕ್ರಗಳು ಹಿಂದೆಯೂ ಮುಂದೆಯೂ ಸುಮಾರು 200 ಮಿಲಿಮೀಟರಿನಷ್ಟು ಆಡುತ್ತವೆ. ಆ ಸ್ಪರ್ಧೆಗೆ ಹಾರ್ಡ್‌ಟೈಲ್ ಹಿಡಿದು ಹೋಗುವವರು ಯಾರೂ ಇಲ್ಲ. ಗಡಿಯಾರದ ಮುಂದೆ ವಾದ ತೀರ್ಮಾನವಾಗಿದೆ ಎನ್ನದೆ ನಿರ್ವಾಹವಿಲ್ಲ.

ಇದಕ್ಕೆ ಕಾರಣವೇನು? ಶಾಕ್ ಇರುವುದು ಸವಾರನ ಸುಖಕ್ಕೆಂದು ಹಲವರು ತಿಳಿದಿದ್ದಾರೆ. ಸುಖ ಸಿಗುವುದು ಹೌದು. ಆದರೆ ಅದರ ಮುಖ್ಯ ಕೆಲಸ ಬೇರೆ. ಟಯರು ನೆಲವನ್ನು ಬಿಡದಂತೆ ನೋಡಿಕೊಳ್ಳುವುದೇ ಆ ಕೆಲಸ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಪ್ರಯೋಜನವಿಲ್ಲ. ನೆಲ ಬಿಟ್ಟ ಚಕ್ರ ತಿರುವಿನಲ್ಲಿ ಹಿಡಿಯುವುದೂ ಇಲ್ಲ. ಕಲ್ಲಿನ ಇಳಿಜಾರಿನಲ್ಲಿ ಹಾರ್ಡ್‌ಟೈಲಿನ ಹಿಂದಿನ ಚಕ್ರ ಕಲ್ಲಿನಿಂದ ಕಲ್ಲಿಗೆ ಹಾರುತ್ತಾ ಬರುತ್ತದೆ. ಫುಲ್ ಸಸ್ಪೆನ್ಷನ್ನಿನ ಚಕ್ರ ಕಲ್ಲಿನ ಬೆನ್ನೇರಿ ಮತ್ತೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಇನ್ನೂ ಒಂದು ಅಂಶವಿದೆ. ಹಾರ್ಡ್‌ಟೈಲಿನಲ್ಲಿ ಫೋರ್ಕು ಕುಗ್ಗಿದಾಗ ಮುಂಭಾಗ ಮಾತ್ರ ತಗ್ಗುತ್ತದೆ. ಸವಾರನು ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳುವ ಸಂಭವ ಹೆಚ್ಚು. ಹಿಂದೆಯೂ ಶಾಕ್ ಇದ್ದರೆ ಎರಡು ಕಡೆಯೂ ಕುಗ್ಗಿ ಸೈಕಲು ಹೆಚ್ಚು ಸಮತೋಲದಲ್ಲಿರುತ್ತದೆ. ದಿನವಿಡೀ ಸವಾರಿ ಮಾಡುವವರಿಗೆ ದಣಿವು ಕಡಿಮೆಯಾಗುವುದೂ ಸಣ್ಣ ಲಾಭವಲ್ಲ. ದಣಿದ ಕೈಗಳೇ ಕೊನೆಯ ಇಳಿತದಲ್ಲಿ ಬೀಳಿಸುವುದು.

ಇಷ್ಟನ್ನು ಒಪ್ಪಿದ ಮೇಲೆ ಮಕ್ಕಳ ಬೇಡಿಕೆಯೇ ಸರಿಯಾಯಿತಲ್ಲ ಎಂದು ವಾಚಕರು ಕೇಳಬಹುದು. ಇಲ್ಲಿಯೇ ನಾವು ತುಸು ತಡೆದು ನೋಡಬೇಕಾದುದು. ವಿಶ್ವಕಪ್ ಸವಾರರ ಶಾಕಿನಲ್ಲಿರುವುದು ಬರಿಯ ಸ್ಪ್ರಿಂಗಲ್ಲ. ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆ. ನುಂಗಿದ್ದನ್ನು ಮರುಕ್ಷಣ ಹಾಗೆಯೇ ಹಿಂದಕ್ಕೆ ಕೊಡುತ್ತದೆ. ಹಾಗೆ ಎಸೆಯದಂತೆ ತಡೆಯುವುದು ಶಾಕಿನೊಳಗಿನ ಆಯಿಲು. ಸಣ್ಣ ಕಿಂಡಿಗಳ ಮೂಲಕ ಆಯಿಲು ಹಾಯುವಾಗ ಪೆಟ್ಟಿನ ಬಲ ಬಿಸಿಯಾಗಿ ಕರಗುತ್ತದೆ. ಆಯಿಲು ಸೋರಿಹೋದ ಶಾಕಿನ ಸ್ಕೂಟರಿನಲ್ಲಿ ಹೊಂಡಕ್ಕೆ ಬಿದ್ದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಕೂಟರು ಒಂದು ಹೊಂಡಕ್ಕೆ ನಾಲ್ಕು ಸಲ ಕುಣಿಯುತ್ತದೆ.

ಕಡಿಮೆ ಬೆಲೆಗೆ 'ಡಬಲ್ ಶಾಕ್' ಎಂದು ಮಾರಾಟವಾಗುವ ಸೈಕಲುಗಳಲ್ಲಿ ಬಹುತೇಕ ಇರುವುದು ಆಯಿಲು ಇಲ್ಲದ ಬರಿಯ ಸ್ಪ್ರಿಂಗು. ಅದಕ್ಕೆ ಬಣ್ಣ ಹಚ್ಚಿ, ಎದ್ದು ಕಾಣುವಂತೆ ಚೌಕಟ್ಟಿನ ನಡುವೆ ಕೂರಿಸಿರುತ್ತಾರೆ. ಸಮದಾರಿಯಲ್ಲಿ ಅದು ತುಳಿದ ಬಲವನ್ನು ತಿನ್ನುತ್ತದೆ; ಪೆಡಲು ತುಳಿದಂತೆಲ್ಲ ಸೈಕಲು ಕುಪ್ಪಳಿಸುತ್ತದೆ. ಇಳಿಜಾರಿನಲ್ಲಿ ಕಲ್ಲಿಗೆ ಬಡಿದಾಗ ಸವಾರನನ್ನು ಸೀಟಿನಿಂದಲೇ ಮೇಲಕ್ಕೆಸೆಯುತ್ತದೆ. ಕೀಲುಗಳ ಬುಶ್ಶು ಬೇಗನೆ ಸವೆದು ಹಿಂದಿನ ಚಕ್ರ ಅತ್ತಿತ್ತ ಓಲಾಡತೊಡಗುತ್ತದೆ. ಅದೇ ಬೆಲೆಯೊಳಗೆ ಹಿಂದಿನ ಶಾಕಿನ ಖರ್ಚನ್ನೂ ಹೊಂದಿಸಬೇಕಾದುದರಿಂದ ಬ್ರೇಕು, ರಿಮ್ಮು, ಟಯರುಗಳು ಕಳಪೆಯಾಗಿರುತ್ತವೆ. ಜೀವ ಉಳಿಸುವ ಭಾಗಗಳಿಂದ ಹಣ ತೆಗೆದು ಕಣ್ಣು ಸೆಳೆಯುವ ಭಾಗಕ್ಕೆ ಹಾಕಿದಂತಾಯಿತು. ಅಂತಹ ಸೈಕಲು ಫುಲ್ ಸಸ್ಪೆನ್ಷನ್ನೂ ಅಲ್ಲ, ಹಾರ್ಡ್‌ಟೈಲೂ ಅಲ್ಲ. ಎರಡರ ದೋಷಗಳನ್ನೂ ಹೊತ್ತ ಒಂದು ಆಟಿಕೆ ಎಂದೇ ನಮ್ಮ ಅಭಿಪ್ರಾಯ.

ನಿಜವಾದ ಇಳಿಜಾರು ಸೈಕಲಿಗೆ ಲಕ್ಷಗಟ್ಟಲೆ ರೂಪಾಯಿ ಬೀಳುತ್ತದೆ. ಕೊಂಡರೂ ಖರ್ಚು ಅಲ್ಲಿಗೆ ಮುಗಿಯುವುದಿಲ್ಲ. ಇಷ್ಟು ಗಂಟೆ ಸವಾರಿಯಾದ ಮೇಲೆ ಶಾಕ್ ಬಿಚ್ಚಿ ಆಯಿಲು, ಸೀಲುಗಳನ್ನು ಬದಲಿಸಬೇಕೆಂದು ತಯಾರಕರೇ ವಿಧಿಸುತ್ತಾರೆ. ಕೀಲುಗಳ ಬೇರಿಂಗುಗಳಿಗೆ ನಮ್ಮ ಕಡೆಯ ಮಳೆಗಾಲದ ಕೆಸರು ಹಿತವಲ್ಲ. ಪಂಕ್ಚರ್ ಹಾಕುವುದು, ಚಕ್ರದ ಬೆಂಡು ತೆಗೆಯುವುದು, ಚೈನು ಬದಲಿಸುವುದು ನಮ್ಮ ಪೇಟೆಯ ಸೈಕಲು ಅಂಗಡಿಯವರಿಗೆ ನೀರು ಕುಡಿದಷ್ಟು ಸುಲಭ. ಶಾಕಿನ ಸೀಲು ಕೂರಿಸುವುದು ಹಾಗಲ್ಲ. ಅದಕ್ಕೆ ಬೇರೆ ಸಲಕರಣೆ ಬೇಕು, ಬೇರೆ ಕೈ ಬೇಕು.

ಆದುದರಿಂದ ಸಾಧಾರಣ ವರಮಾನದ ಮನೆಗಳ ಮುಂದಿರುವುದು 'ಹಾರ್ಡ್‌ಟೈಲೋ ಫುಲ್ ಸಸ್ಪೆನ್ಷನ್ನೋ' ಎಂಬ ಪ್ರಶ್ನೆಯೇ ಅಲ್ಲ. ಒಳ್ಳೆಯ ಹಾರ್ಡ್‌ಟೈಲೋ, ಕೆಟ್ಟ ಡಬಲ್ ಶಾಕೋ ಎಂಬುದೇ ನಿಜವಾದ ಪ್ರಶ್ನೆ. ಹೀಗೆ ಕೇಳಿದರೆ ಉತ್ತರದಲ್ಲಿ ಸಂದೇಹವಿಲ್ಲ.

ಹಾರ್ಡ್‌ಟೈಲಿನ ಪರವಾಗಿ ಹೇಳಬೇಕಾದುದು ಬೆಲೆಯೊಂದೇ ಅಲ್ಲ. ಅದು ಒಳ್ಳೆಯ ಮೇಷ್ಟ್ರು. ಯಾವ ಕಲ್ಲಿನ ಎಡಕ್ಕೆ ಹೋಗಬೇಕು, ಯಾವುದರ ಮೇಲೆ ಹತ್ತಿ ದಾಟಬೇಕು, ತಿರುವಿಗೆ ಎಷ್ಟು ಮೊದಲು ಬ್ರೇಕು ಹಿಡಿದು ಬಿಡಬೇಕು ಎಂಬುದನ್ನು ಸವಾರನು ಕಣ್ಣಿಟ್ಟು ನೋಡಿ ನಿರ್ಧರಿಸದಿದ್ದರೆ ಅದು ಕೂಡಲೇ ಗದರಿಸುತ್ತದೆ. ಪೆಡಲಿನ ಮೇಲೆ ಎದ್ದು ನಿಂತು, ಮೊಣಕಾಲು ಮೊಣಕೈ ಸಡಿಲಬಿಟ್ಟು ಇಳಿಯುವುದನ್ನು ಕಲಿಸುತ್ತದೆ. ಫುಲ್ ಸಸ್ಪೆನ್ಷನ್ ಹೆಚ್ಚಿನ ತಪ್ಪುಗಳನ್ನು ಕ್ಷಮಿಸುತ್ತದೆ. ಕ್ಷಮೆ ಸಿಕ್ಕಿದ ತಪ್ಪು ತಪ್ಪೆಂದೇ ತಿಳಿಯುವುದಿಲ್ಲ, ವೇಗ ಮಾತ್ರ ಏರುತ್ತಾ ಹೋಗುತ್ತದೆ. 2015ರಲ್ಲಿ ಆಸ್ಟ್ರಿಯಾದ ಲಿಯೊಗಾಂಗಿನಲ್ಲಿ ನಡೆದ ವಿಶ್ವಕಪ್ ಸ್ಪರ್ಧೆಯಲ್ಲಿ ಅಮೇರಿಕದ ಆರನ್ ಗ್ವಿನ್ ಎಂಬ ಸವಾರನ ಚೈನು ಹೊರಟ ಕೂಡಲೇ ತುಂಡಾಯಿತು. ಪೆಡಲು ತುಳಿಯುವಂತೆಯೇ ಇಲ್ಲ. ಆದರೂ ಆತನು ಓಟವನ್ನು ಗೆದ್ದನು. ಆತನ ಸೈಕಲು ಉತ್ತಮವಾದುದೇ. ಆದರೆ ಉಳಿದವರದೂ ಅಂತಹುದೇ ಆಗಿತ್ತಲ್ಲ! ಗೆಲ್ಲಿಸಿದ್ದು ದಾರಿಯನ್ನು ಓದುವ ಕಣ್ಣು, ವೇಗವನ್ನು ಪೋಲು ಮಾಡದ ಕೈ.

ಹೊಸಬರಿಗೆ ಫುಲ್ ಸಸ್ಪೆನ್ಷನ್ನೇ ಹೆಚ್ಚು ಸುರಕ್ಷಿತ, ಅದರಿಂದ ಧೈರ್ಯ ಬರುತ್ತದೆ ಎಂದು ವಾದಿಸುವವರಿದ್ದಾರೆ. ಒಳ್ಳೆಯ ಸೈಕಲು, ಒಳ್ಳೆಯ ಗುರು, ಇದಕ್ಕೆಂದೇ ಕಾದಿರಿಸಿದ ದಾರಿ ಇವು ಮೂರೂ ಕೂಡಿದಲ್ಲಿ ಈ ವಾದವನ್ನು ಅಲ್ಲಗಳೆಯುವಂತಿಲ್ಲ. ಬೆನ್ನುನೋವು, ಮಂಡಿನೋವು ಇರುವ ದೊಡ್ಡವರಿಗೂ ಅದು ಅನುಕೂಲವೇ. ಇನ್ನೊಂದೆಡೆ, ಹಾರ್ಡ್‌ಟೈಲಿನಲ್ಲಿ ಮೈ ಜಜ್ಜಿಕೊಳ್ಳುವುದೇ ಪೌರುಷವೆಂದು ಬೀಗುವ ಕೆಲವರ ಮಾತನ್ನೂ ನಾವು ಒಪ್ಪುವುದಿಲ್ಲ. ನೋವು ತಿನ್ನುವುದೊಂದು ವಿದ್ಯೆಯಲ್ಲ. ಹಾರ್ಡ್‌ಟೈಲಿನಲ್ಲಿ ಕಲಿತವರು ಮುಂದೆ ಕೈಯಲ್ಲಿ ಹಣವಾದಾಗ, ಇಳಿಯುವ ಗುಡ್ಡ ಕಠಿಣವಾದಾಗ ಫುಲ್ ಸಸ್ಪೆನ್ಷನ್ನಿಗೆ ಏರುವುದು ನ್ಯಾಯವಾದ ಕ್ರಮ. ಅಕ್ಷರ ಕಲಿತು ಕಾವ್ಯಕ್ಕೆ ಹೋದಂತೆ.

ನಮ್ಮ ಜಿಲ್ಲೆಯ ನೆಲವನ್ನೂ ಒಂದಿಷ್ಟು ಲೆಕ್ಕಕ್ಕೆ ಹಿಡಿಯಬೇಕು. ಮುರಕಲ್ಲಿನ ಪದವುಗಳು, ಅಲ್ಲಿಂದ ತೋಟಗಳಿಗೆ ಇಳಿಯುವ ಕಾಲುದಾರಿಗಳು ಒರಟಾದವು ನಿಜ. ಆದರೆ ವಿಶ್ವಕಪ್ ಸ್ಪರ್ಧೆಯ ಕಡಿದಾದ ಬಂಡೆಗಳಲ್ಲ. ಅವಕ್ಕೆ ನೂರರಿಂದ ನೂರಿಪ್ಪತ್ತು ಮಿಲಿಮೀಟರ್ ಆಡುವ, ಆಯಿಲು ಇರುವ ಫೋರ್ಕಿನ ಹಾರ್ಡ್‌ಟೈಲ್ ಧಾರಾಳ ಸಾಕು. ಮಳೆಗಾಲದಲ್ಲಿ ಹಾವಸೆ ಹಿಡಿದ ಮುರಕಲ್ಲಿನ ಮೇಲೆ ಯಾವ ಶಾಕೂ ಕಾಯುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕಾದವರು ಹಿರಿಯರೇ.

ಅಂಗಡಿಗೆ ಹೋಗುವ ಹೆತ್ತವರಿಗೆ ನಮ್ಮದು ಕೆಲವು ಸರಳ ಸೂಚನೆಗಳು. ಸೀಟನ್ನು ಅಂಗೈಯಿಂದ ಬಲವಾಗಿ ಅದುಮಿ ತಟ್ಟನೆ ಬಿಟ್ಟು ನೋಡಿ. ಮೆಲ್ಲನೆ ಮೇಲೆದ್ದು ನಿಂತರೆ ಒಳಗೆ ಆಯಿಲು ಇದೆ. ಪುಟಪುಟನೆ ಕುಣಿದರೆ ಬರಿಯ ಸ್ಪ್ರಿಂಗು. ಮುಂದಿನ ಫೋರ್ಕನ್ನೂ ಬ್ರೇಕು ಹಿಡಿದು ಹಾಗೆಯೇ ಅದುಮಿ ನೋಡಿ. ಹಿಂದಿನ ಚಕ್ರವನ್ನು ಅಡ್ಡಕ್ಕೆ ಅಲುಗಿಸಿ; ಹೊಸ ಸೈಕಲಿನಲ್ಲೇ ಕೀಲು ಓಲಾಡಿದರೆ ಅದನ್ನು ಅಲ್ಲಿಯೇ ಬಿಟ್ಟುಬನ್ನಿ. ಶಾಕಿಗಿಂತ ಮೊದಲು ಬ್ರೇಕು ನೋಡಿ, ಬ್ರೇಕಿನ ಬಳಿಕ ಟಯರು ನೋಡಿ. ಸೈಕಲು ಮಕ್ಕಳ ಎತ್ತರಕ್ಕೆ ಸರಿಯಾಗಿರಲಿ. ಮುಂದೆ ಬೆಳೆಯುತ್ತಾರೆಂದು ದೊಡ್ಡದನ್ನು ಕೊಳ್ಳುವುದು ಅಂಗಿಗಾದರೆ ಆದೀತು, ಗುಡ್ಡ ಇಳಿಯುವ ಸೈಕಲಿಗೆ ಆಗದು. ಹಿಂದಿನ ಶಾಕ್ ಬಿಟ್ಟು ಉಳಿಸಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್ಟು, ಕೈಗವಸು, ಮೊಣಕಾಲಿನ ಕವಚ ಕೊಳ್ಳಿ.

ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚಬೇಕೆಂದು ನಾವಿದನ್ನು ಬರೆಯುತ್ತಿಲ್ಲ. ಮೊಬೈಲು ಕೆಳಗಿಟ್ಟು ಗುಡ್ಡಕ್ಕೆ ಹೊರಟ ಮಗು ಯಾವ ಮನೆಗೂ ಸಂತೋಷದ ವಿಷಯವೇ. ಆದರೆ ಜಾಹೀರಾತಿನ ಸೈಕಲು ಬೇರೆ, ಗುಡ್ಡದ ಸೈಕಲು ಬೇರೆ. ಈ ವಿವೇಕವನ್ನು ಕೊಳ್ಳುವ ಮೊದಲೇ ತೋರಿದರೆ ಹಣವೂ ಉಳಿದೀತು, ಮೈಯೂ ಉಳಿದೀತು. ಬಿದ್ದ ಮೇಲೆ ಬರುವ ವಿವೇಕಕ್ಕೆ ಬೆಲೆ ಹೆಚ್ಚು.