ಗುಳ್ಳೆಯ ಲೆಕ್ಕ ತಪ್ಪಿದರೆ

ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಒಳಬೀದಿಗಳಿಗೆ ತಿರುಗಿದರೆ ಸಾಕು, ಲೇತ್ ಯಂತ್ರಗಳ ಸದ್ದು, ಗ್ರೈಂಡರಿನ ಕಿಡಿ, ವೆಲ್ಡಿಂಗಿನ ನೀಲಿ ಬೆಳಕು ಎದುರಾಗುತ್ತವೆ. ಇಂಥ ವರ್ಕ್‌ಶಾಪ್‌ಗಳಲ್ಲಿ ‘ಸಿಓಟೂ ವೆಲ್ಡಿಂಗ್’ ಎಂಬ ಮಾತು ಹೊಸದೇನಲ್ಲ. ಕಾದ ಲೋಹಕ್ಕೆ ಗಾಳಿ ತಾಕದಂತೆ ಸಿಲಿಂಡರಿನಿಂದ ಇಂಗಾಲದ ಡೈ ಆಕ್ಸೈಡನ್ನು ಹಾಯಿಸುತ್ತಾರೆ. ನಿಮಿಷಕ್ಕೆ ಹತ್ತರಿಂದ ಹದಿನೈದು ಲೀಟರ್ ಸಾಮಾನ್ಯ ಲೆಕ್ಕ. ಕಡಿಮೆಯಾದರೆ ಬೆಸುಗೆಯಲ್ಲಿ ಸೂಜಿಮೊನೆಯಂಥ ತೂತುಗಳು. ವಿಪರೀತ ಹೆಚ್ಚಾದರೂ ಅನಿಲ ಸುಳಿಯೆದ್ದು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಮತ್ತೆ ತೂತು! ಹದವರಿತ ಕೆಲಸಗಾರ ಮೀಟರಿನ ಮೇಲೆ ಒಂದು ಕಣ್ಣಿಟ್ಟಿರುತ್ತಾನೆ.

ಅದೇ ಅನಿಲ, ಅದೇ ಬಗೆಯ ಸಿಲಿಂಡರು ಸಮುದ್ರ ವಿಜ್ಞಾನಿಗಳ ಪ್ರಯೋಗಾಲಯದಲ್ಲೂ ಇರುತ್ತದೆ. ಅಲ್ಲಿ ಬೇಕಾಗುವುದು ನಿಮಿಷಕ್ಕೆ ಹತ್ತು ಲೀಟರ್ ಅಲ್ಲ, ಕೆಲವೇ ಮಿಲಿಲೀಟರ್. ಅಷ್ಟು ಸಣ್ಣ ಹರಿವನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ತಪ್ಪದೆ ಕಾಯಬೇಕು. ಏಕೆ? ಉತ್ತರ ಶಾಲೆಯ ವಿಜ್ಞಾನ ಪುಸ್ತಕದಲ್ಲೇ ಇದೆ.

ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ನೀರು ಹಾಲಿನಂತಾಗುತ್ತದೆ. ಇಲ್ಲಿಗೆ ಪ್ರಯೋಗ ಮುಗಿಯಿತೆಂದು ಮಕ್ಕಳು ಲೋಟ ತೊಳೆದಿಡುತ್ತಾರೆ. ಇನ್ನೂ ಕೆಲವು ನಿಮಿಷ ಊದುತ್ತಲೇ ಇದ್ದರೆ ಆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುತ್ತದೆ. ಮೊದಲು ಹುಟ್ಟಿದ ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್. ಹೆಚ್ಚಿನ ಅನಿಲ ಅದನ್ನೇ ನೀರಿನಲ್ಲಿ ಕರಗುವ ಬೈಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಸ್ವಲ್ಪ ಅನಿಲ ಕಟ್ಟಿದ್ದನ್ನು ಹೆಚ್ಚಿನ ಅನಿಲ ಕೆಡವಿತು. ಎಲ್ಲವೂ ‘ಎಷ್ಟು’ ಎಂಬುದರ ಮೇಲೆ ನಿಂತಿದೆ. (ಸುಣ್ಣದ ನೀರನ್ನು ಬಾಯಿಗೆ ಎಳೆಯಬಾರದು. ದೊಡ್ಡವರು ಜೊತೆಗಿರಲಿ.)

ಕಡಲ ಚಿಪ್ಪುಗಳೂ ಈ ಕ್ಯಾಲ್ಸಿಯಂ ಕಾರ್ಬೊನೇಟಿನಿಂದಲೇ ಆದವು. ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದುದು ಅದಕ್ಕೇ. ಮನುಷ್ಯ ವಾತಾವರಣಕ್ಕೆ ಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಹಾಗೆ ಹೀರಿದ ಅನಿಲ ನೀರಿನೊಡನೆ ಸೇರಿ ಕಾರ್ಬೊನಿಕ್ ಆಮ್ಲವಾಗುತ್ತದೆ. ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಅಯಾನುಗಳು ನೀರಿನಲ್ಲಿ ಕಡಿಮೆಯಾಗುತ್ತವೆ. ಕೈಗಾರಿಕಾ ಕ್ರಾಂತಿಗೆ ಮುಂಚೆ ಗಾಳಿಯ ದಶಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 280 ಭಾಗವಿತ್ತು. 2024ರ ಹೊತ್ತಿಗೆ ಅದು 420ನ್ನು ದಾಟಿತ್ತು. ಅದಕ್ಕೆ ತಕ್ಕಂತೆ ಕಡಲ ಮೇಲ್ಮೈ ನೀರಿನ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ.

ಇಷ್ಟೇನಾ ಎನಿಸಬಹುದು. ಆದರೆ 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ರೂಪಿಸಿದ ಈ ಅಳತೆಯಲ್ಲಿ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿದಂತೆ. 0.1 ಇಳಿದರೆ ಹೈಡ್ರೋಜನ್ ಅಯಾನುಗಳು ನೂರಕ್ಕೆ ಸುಮಾರು 26ರಷ್ಟು ಹೆಚ್ಚಿದಂತೆ. ಹಾಗೆಂದು ಸಮುದ್ರ ಹುಳಿಯಾಗಿಬಿಟ್ಟಿಲ್ಲ. ಅದು ಈಗಲೂ ಪ್ರತ್ಯಾಮ್ಲೀಯವೇ. ಸಾಗುತ್ತಿರುವ ದಿಕ್ಕು ಮಾತ್ರ ಆಮ್ಲದ ಕಡೆಗೆ. ‘ಸಾಗರ ಆಮ್ಲೀಕರಣ’ ಎಂಬ ಹೆಸರು 2003ರಿಂದೀಚೆಗೆ ಬಳಕೆಗೆ ಬಂತು.

ಮುಂದೆ ಈ ನೀರಿನಲ್ಲಿ ಮರುವಾಯಿ, ಸಿಂಪಿ, ಹವಳಗಳು ಹೇಗೆ ಬೆಳೆದಾವು? ತಿಳಿಯಬೇಕಾದರೆ ಮುಂದಿನ ಕಾಲದ ಗಾಳಿಯನ್ನು ಇಂದೇ ತಯಾರಿಸಿ, ತೊಟ್ಟಿಯ ಕಡಲನೀರಿಗೆ ಗುಳ್ಳೆಗುಳ್ಳೆಯಾಗಿ ಬಿಡಬೇಕು. ಬಾಯಿಂದ ಊದಿದರಾಗದು: ಉಸಿರಿನಲ್ಲಿ ಈ ಅನಿಲ ನೂರಕ್ಕೆ ನಾಲ್ಕರಷ್ಟು, ಅಂದರೆ ದಶಲಕ್ಷಕ್ಕೆ 40,000 ಭಾಗ. ಹೊರಗಿನ ಗಾಳಿಯಲ್ಲಿರುವುದರ ಹೆಚ್ಚುಕಡಿಮೆ ನೂರು ಪಟ್ಟು! ನೀರಿಗೆ ನೇರವಾಗಿ ಆಮ್ಲ ಸುರಿಯಬಹುದಲ್ಲ ಎಂದರೆ, ಪಿಎಚ್ ಇಳಿಯುವುದೇನೋ ನಿಜ. ಆದರೆ ಗಾಳಿಯಿಂದ ಅನಿಲ ಕರಗಿದಾಗ ಕಡಲನೀರಿನಲ್ಲಿ ಆಗುವ ಬದಲಾವಣೆಯೇ ಬೇರೆ.

ಲೆಕ್ಕ ಹೀಗಿದೆ. ಇಂಗಾಲದ ಡೈ ಆಕ್ಸೈಡನ್ನು ಪೂರ್ತಿ ತೆಗೆದ ಗಾಳಿ ನಿಮಿಷಕ್ಕೆ 10 ಲೀಟರ್ ಹರಿಯುತ್ತಿದೆ ಎನ್ನೋಣ. ಅದರಲ್ಲಿ ದಶಲಕ್ಷಕ್ಕೆ 800 ಭಾಗ ಅನಿಲ ಬೇಕಾದರೆ ನಿಮಿಷಕ್ಕೆ 8 ಮಿಲಿಲೀಟರ್ ಬೆರೆಸಬೇಕು. ಎರಡು ಟೀ ಚಮಚಕ್ಕೂ ಕಡಿಮೆ. ಕೈತಪ್ಪಿ 2 ಮಿಲಿಲೀಟರ್ ಹೆಚ್ಚಾಯಿತೋ, 800 ಇದ್ದದ್ದು 1,000 ಆಯಿತು. ವೆಲ್ಡಿಂಗ್ ಮೀಟರಿನಲ್ಲಿ ಗುರುತಿಸಲೂ ಆಗದ ಈ ವ್ಯತ್ಯಾಸ ಪ್ರಯೋಗದ ಅರ್ಥವನ್ನೇ ಬದಲಿಸುತ್ತದೆ.

ಇನ್ನೊಂದು ತೊಡಕೂ ಇದೆ. ಅನಿಲದ ಲೀಟರು ಹಾಲಿನ ಲೀಟರಿನಂತಲ್ಲ. ಒತ್ತಡ ಇಳಿದರೆ, ಶಾಖ ಏರಿದರೆ ಅದು ಹಿಗ್ಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಶಾಖ ಒಂದೇ ಇದ್ದರೂ, ಕಾಮಾಕ್ಷಿಪಾಳ್ಯದ ಒಂದು ಲೀಟರ್ ಗಾಳಿಯಲ್ಲಿ ಕಾರವಾರದ ಒಂದು ಲೀಟರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ ಅಣುಗಳಿರುತ್ತವೆ. ಬೆರೆಸುವ ಎರಡೂ ಅನಿಲಗಳು ಒಂದೇ ಸಮನೆ ಹಿಗ್ಗಿದರೆ ಅನುಪಾತವೇನೂ ಕೆಡದು. ಆದರೆ ಸಿಲಿಂಡರಿನಿಂದ ನುಗ್ಗುವ ಇಂಗಾಲದ ಡೈ ಆಕ್ಸೈಡ್ ಹಿಗ್ಗುತ್ತಲೇ ತಣ್ಣಗಾಗುತ್ತದೆ. ವರ್ಕ್‌ಶಾಪಿನಲ್ಲಿ ರೆಗ್ಯುಲೇಟರ್ ಹಿಮಗಟ್ಟದಿರಲೆಂದು ಹೀಟರ್ ಜೋಡಿಸುವುದು ಇದೇ ಕಾರಣಕ್ಕೆ. ಪಂಪಿನಿಂದ ಬರುವ ಗಾಳಿಯೋ ಬೆಚ್ಚಗಿರುತ್ತದೆ.

ಹಾಗಾಗಿ ವಿಜ್ಞಾನಿಗಳು ಗಾತ್ರವನ್ನು ನೆಚ್ಚದೆ ದ್ರವ್ಯರಾಶಿಯನ್ನು ಅಳೆಯುತ್ತಾರೆ. ಅದಕ್ಕೆಂದೇ ಇರುವ ಉಪಕರಣ ‘ಮಾಸ್ ಫ್ಲೋ ಕಂಟ್ರೋಲರ್’. ಇದರ ಸಾಮಾನ್ಯ ಬಗೆಯೊಂದರಲ್ಲಿ ತೆಳುವಾದ ಕೊಳವೆಯೊಂದನ್ನು ವಿದ್ಯುತ್ತಿನಿಂದ ಬಿಸಿ ಮಾಡಿರುತ್ತಾರೆ. ಅದರ ಎರಡೂ ಬದಿಗೆ ಶಾಖ ಅಳೆಯುವ ಸಂವೇದಕಗಳು. ಅನಿಲ ಹರಿಯದಿದ್ದಾಗ ಎರಡೂ ಕಡೆ ಒಂದೇ ಶಾಖ. ಹರಿಯತೊಡಗಿದಾಗ ಅದು ಬಿಸಿಯನ್ನು ಮುಂದಕ್ಕೆ ಹೊತ್ತೊಯ್ಯುತ್ತದೆ. ಎರಡು ಸಂವೇದಕಗಳ ನಡುವಿನ ವ್ಯತ್ಯಾಸದಿಂದ ಎಷ್ಟು ಅನಿಲ ಹೋಯಿತೆಂಬುದು ಗೊತ್ತಾಗುತ್ತದೆ. ನಿಗದಿಪಡಿಸಿದ್ದಕ್ಕಿಂತ ಕಡಿಮೆಯಾದರೆ ಕವಾಟ ಕೊಂಚ ತೆರೆಯುತ್ತದೆ, ಹೆಚ್ಚಾದರೆ ಮುಚ್ಚಿಕೊಳ್ಳುತ್ತದೆ. ಕಾವಲು ಹಗಲೂ ರಾತ್ರಿ. ಹಾಗೆಂದು ಉಪಕರಣವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ತೊಟ್ಟಿಯ ನೀರಿನ ಪಿಎಚ್, ಕ್ಷಾರೀಯತೆ, ಉಷ್ಣಾಂಶ, ಲವಣಾಂಶಗಳನ್ನು ಆಗಾಗ್ಗೆ ಬೇರೆಯಾಗಿ ಅಳೆದು ತಾಳೆ ನೋಡಬೇಕು. ಒಂದು ಪ್ರಯೋಗಾಲಯದ ಫಲಿತಾಂಶವನ್ನು ಇನ್ನೊಂದರ ಜೊತೆ ಹೋಲಿಸಲು ಸಾಧ್ಯವಾಗಲೆಂದು 2010ರಲ್ಲಿ ಯುರೋಪಿನಲ್ಲಿ ಇಂಥ ಪ್ರಯೋಗಗಳ ಕ್ರಮಗಳನ್ನೆಲ್ಲ ವಿವರಿಸುವ ಕೈಪಿಡಿಯೇ ಹೊರಬಂತು.

ಇಷ್ಟೆಲ್ಲ ಕಟ್ಟುನಿಟ್ಟು ಬೇಕೇ? ಅಮೆರಿಕದ ಒರೆಗಾನ್ ರಾಜ್ಯದ ನೆಟಾರ್ಟ್ಸ್ ಕೊಲ್ಲಿಯ ಕತೆ ಕೇಳಿದರೆ ಬೇಕೆನಿಸುತ್ತದೆ. 2007ರ ಸುಮಾರಿಗೆ ಅಲ್ಲಿನ ಸಿಂಪಿ ಮರಿ ಸಾಕಣೆ ಕೇಂದ್ರದಲ್ಲಿ ಮರಿಗಳು ರಾಶಿರಾಶಿಯಾಗಿ ಸತ್ತವು. ಮೊದಲು ಅನುಮಾನ ಬಿದ್ದದ್ದು ಬ್ಯಾಕ್ಟೀರಿಯಾದ ಮೇಲೆ. ಕೊನೆಗೆ ನೀರಿನ ರಸಾಯನವನ್ನೇ ಅಳೆದು ನೋಡಿದಾಗ, ಆಳದಿಂದ ಮೇಲೆದ್ದು ಬರುತ್ತಿದ್ದ, ಇಂಗಾಲದ ಡೈ ಆಕ್ಸೈಡ್ ತುಂಬಿದ ನೀರು ಕಾರಣವೆಂದು ಕಂಡುಬಂತು. 2012ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ನೀರನ್ನು ಸತತವಾಗಿ ಅಳೆಯುತ್ತ, ಬೇಕಾದಾಗ ಸೋಡಿಯಂ ಕಾರ್ಬೊನೇಟ್ ಬೆರೆಸಿ ಕೇಂದ್ರವನ್ನು ಉಳಿಸಿಕೊಂಡರು. ಅಳತೆಯೇ ಅವರನ್ನು ಕಾಪಾಡಿತು.

ನಮ್ಮ ಅರಬ್ಬೀ ಸಮುದ್ರದಲ್ಲೂ ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಆಮ್ಲಜನಕ ಕಡಿಮೆಯಿರುವ, ಇಂಗಾಲದ ಡೈ ಆಕ್ಸೈಡ್ ಹೆಚ್ಚಿರುವ ಆಳದ ನೀರು ಪಶ್ಚಿಮ ತೀರದತ್ತ ಮೇಲೇಳುತ್ತದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ನೀರಿಗಿಳಿದು ಚಿಪ್ಪುಗಳನ್ನು ಆರಿಸಿ ಬದುಕುವ ಕುಟುಂಬಗಳಿವೆ. ಒರೆಗಾನಿನ ಸಿಂಪಿಗೆ ಆದದ್ದು ಇಲ್ಲಿನ ಚಿಪ್ಪಿಗೂ ಆಗುತ್ತದೆಂದು ಈಗಲೇ ಹೆದರಿಸುವುದು ಸರಿಯಲ್ಲ. ಆಗದೆಂದು ಸಮಾಧಾನ ಹೇಳುವುದೂ ಸರಿಯಲ್ಲ. ಜೀವಿಯಿಂದ ಜೀವಿಗೆ ತಾಳಿಕೆ ಬೇರೆ. ಇಲ್ಲಿನ ನೀರಿನಲ್ಲಿ, ಇಲ್ಲಿನ ಚಿಪ್ಪನ್ನಿಟ್ಟು ನೋಡಿದರಷ್ಟೇ ಉತ್ತರ ದೊರೆತೀತು. ಆ ಪ್ರಯೋಗದಲ್ಲಿ ಅನಿಲದ ಲೆಕ್ಕ ತಪ್ಪಿದರೆ ತಪ್ಪು ಭಯವೋ ತಪ್ಪು ಧೈರ್ಯವೋ ಆ ಕುಟುಂಬಗಳ ಪಾಲಿಗೆ ಬರುತ್ತದೆ.

ಸಮುದ್ರ ವಿಜ್ಞಾನವೆಂದರೆ ಹಡಗು ಹತ್ತುವವರಿಗೆ ಮಾತ್ರ ಎಂದುಕೊಳ್ಳುವ ಪಾಲಕರು ಇದನ್ನು ಗಮನಿಸಬೇಕು. ರಸಾಯನ ಬಲ್ಲವರಂತೆ, ಜೀವಶಾಸ್ತ್ರ ಬಲ್ಲವರಂತೆ, ಕವಾಟ, ಸಂವೇದಕ, ಕೊಳವೆಗಳನ್ನು ಬಲ್ಲ ಐಟಿಐ, ಡಿಪ್ಲೊಮಾ ಓದಿದವರೂ ಅಲ್ಲಿ ಬೇಕು. ಈ ಹರಿವು ನಿಯಂತ್ರಕಗಳೇ ಕಂಪ್ಯೂಟರ್ ಚಿಪ್ ತಯಾರಿಸುವ ಕಾರ್ಖಾನೆಗಳಲ್ಲೂ ದುಡಿಯುತ್ತವೆ. ಕಲಿತ ವಿದ್ಯೆ ವ್ಯರ್ಥವಾಗದು.

ಅಪ್ಪ ವರ್ಕ್‌ಶಾಪಿನಲ್ಲಿ ರೆಗ್ಯುಲೇಟರ್ ತಿರುಗಿಸುವಾಗ, ಮಗಳು ಮನೆಯಲ್ಲಿ ಸುಣ್ಣದ ತಿಳಿನೀರಿನ ಪಾಠ ಓದುವಾಗ, ಇಬ್ಬರೂ ಒಂದೇ ಪ್ರಶ್ನೆಯ ಎದುರಿಗಿರುತ್ತಾರೆ. ಅನಿಲ ಯಾವುದು ಎಂಬುದು ಇಬ್ಬರಿಗೂ ಗೊತ್ತು. ಎಷ್ಟು ಎಂಬುದನ್ನು ಅಳೆದೇ ಹೇಳಬೇಕು.