ತಿಪ್ಪರಲಾಗ ಹಾಕೋದು ಅಷ್ಟು ಸುಲಭ ಅಲ್ಲ ಸ್ವಾಮೀ...

"ನೀನು ತಿಪ್ಪರಲಾಗ ಹಾಕಿದ್ರೂ ಆಗಲ್ಲ" ಅಂತ ನಾವೆಲ್ಲ ದಿನಕ್ಕೆ ನಾಲ್ಕು ಸಲವಾದರೂ ಯಾರಿಗಾದರೂ ಹೇಳ್ತೀವಿ. ನಿಜವಾಗಿ ಲಾಗ ಹಾಕಿದವರು ನಮ್ಮಲ್ಲಿ ಎಷ್ಟು ಜನ? ನಾನಂತೂ ಹೈಸ್ಕೂಲು ಬಿಟ್ಟ ಮೇಲೆ ಹಾಕಿರಲಿಲ್ಲ. ಈ ಬೇಸಿಗೆಯಲ್ಲಿ ಹಾಕಬೇಕಾಗಿ ಬಂತು, ಅದೂ ಅಕ್ಕನ ಮಗಳ ದೆಸೆಯಿಂದ. ಎರಡು ದಿನ ಕುತ್ತಿಗೆ ತಿರುಗಲಿಲ್ಲ ಅನ್ನೋದು ಬೇರೆ ಮಾತು :)

ಅಕ್ಕನ ಊರು ಮಾನ್ವಿ ಕಡೆಯ ಚೀಕಲಪರ್ವಿ. ದಾಸಸಾಹಿತ್ಯ ಓದಿದವರಿಗೆ ಹೇಳಬೇಕಾಗಿಲ್ಲ, ವಿಜಯದಾಸರ ಊರು. ತುಂಗಭದ್ರೆಯ ದಂಡೆ, ದಾಸರ ಕಟ್ಟೆ, ಕಾರ್ತಿಕ ಶುದ್ಧ ದಶಮಿಗೆ ಆರಾಧನೆ. ಇಂಥ ಊರಿನ ಹತ್ತು ವರ್ಷದ ಹುಡುಗಿಗೆ ಮೊಬೈಲಿನಲ್ಲಿ ಅಮೆರಿಕದ ಚಿಯರ್ ಲೀಡರ್ ಹುಡುಗಿಯರು ಸಾಲಾಗಿ ಪಲ್ಟಿ ಹೊಡೆಯೋದು ಕಂಡಿದೆ. ಅದೇ ಹೊತ್ತಿಗೆ ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ಪಿರಮಿಡ್ಡು, ಅದರ ಮುಂದೆ ಹುಡುಗಿಯರ ಲಾಗ ಅಂತ ಮಾತು ಶುರುವಾಗಿದೆ. ಇವಳು ಕೈ ಎತ್ತಿದ್ದಾಳೆ. ಯಾರೋ ದೊಡ್ಡವರು "ಹಿಂದಕ್ಕ ಹಾರು ನೋಡೋಣು" ಅಂದರಂತೆ. ಸಿಮೆಂಟು ನೆಲ. ಹಾರಿದಳು, ಬಿದ್ದಳು. ಪುಣ್ಯ, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಶಾಲೆಯ ಹೆಸರು ಬೇಡ, ಇಂಥದ್ದು ಒಂದೇ ಶಾಲೆಯ ಕಥೆಯೂ ಅಲ್ಲ.

ನನ್ನ ತಕರಾರು ಇಲ್ಲೇ ಇರೋದು. ಈಜು ಬಾರದ ಮಗುವನ್ನ ಹೊಳೆಗೆ ತಳ್ಳಿ "ಧೈರ್ಯ ಬರ್ತದ ಬಿಡು" ಅನ್ನೋ ಪೈಕಿ ನಾವು. ಆದರೆ ಧೈರ್ಯ ಹಾಗೆ ಬರಲ್ಲ. ಹೇಗೆ ಬೀಳಬೇಕು ಅಂತ ಮೈಗೆ ಗೊತ್ತಾದಾಗ ಬರುತ್ತೆ.

ಹಾಗಾಗಿ ನಾವು ಹಿಂದಕ್ಕೆ ಹಾರೋದನ್ನ ಪೂರ್ತಿ ಬಿಟ್ಟು ತೊಟ್ಟಿಲಿನಿಂದ ಶುರು ಮಾಡಿದೆವು. ಮೊಣಕಾಲು ಎದೆಗೆ ಅವುಚಿಕೊಂಡು ಬೆನ್ನ ಮೇಲೆ ಹಿಂದೆ ಮುಂದೆ ತೂಗೋದು, ಅಷ್ಟೆ. ರಾಯಚೂರಿನ ಬಿಸಿಲು ನಿಮಗೆ ಗೊತ್ತಲ್ಲ, ಬೆಳಿಗ್ಗೆ ಆರಕ್ಕೇ ಶುರು, ಏಳೂವರೆಗೆ ಮುಗಿತಾಯ. ಮ್ಯಾಟು ಎಲ್ಲಿಂದ ತರೋದು? ಎಡದಂಡೆ ಕಾಲುವೆಯ ಸೀಮೆ, ಭತ್ತದ ಹುಲ್ಲಿಗೇನು ಬರ. ಹುಲ್ಲು ಹರವಿ, ಮೇಲೆ ಗೋಣಿಚೀಲ, ಅದರ ಮೇಲೆ ಹಳೇ ಜಮಖಾನ. ಉರುಳೋಕೆ ಚೆನ್ನಾಗಿತ್ತು. ಆದರೆ ಕೈ ಊರಿದರೆ ಹುಲ್ಲಿನಲ್ಲಿ ಹೂತು ಮಣಿಕಟ್ಟು ಹೊರಳುತ್ತೆ. ಮೆತ್ತಗಿದ್ದಷ್ಟೂ ಒಳ್ಳೇದು ಅಂತ ನಾನು ತಿಳಿದಿದ್ದೆ, ತಪ್ಪು. ಬೀಳೋ ಜಾಗ ಮೆತ್ತಗಿರಬೇಕು, ಕೈ ಊರೋ ಜಾಗ ಗಟ್ಟಿ ಇರಬೇಕು. ಆಮೇಲೆ ಹೊಳೆ ದಂಡೆಯಲ್ಲಿ ಸ್ವಲ್ಪ ಇಳಿಜಾರಾದ ಗಟ್ಟಿ ಮರಳು ಹುಡುಕಿದೆವು. ಇಳಿಜಾರು ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತೆ.

ಮುಂದಿನ ಲಾಗದಲ್ಲಿ ಎಲ್ಲ ಮಕ್ಕಳೂ ಮಾಡೋ ತಪ್ಪು ಒಂದೇ. ನೆತ್ತಿಯನ್ನ ನೆಲಕ್ಕೆ ಊರಿ ಅದರ ಮೇಲೆ ಹೊರಳೋದು. ಮೈಭಾರ ಪೂರ್ತಿ ಕತ್ತಿನ ಮೇಲೆ. ಗದ್ದ ಎದೆಗೆ ಹತ್ತಿರಬೇಕು, ಎರಡೂ ಅಂಗೈ ಭುಜದ ಅಗಲಕ್ಕೆ ಊರಿ, ಕುಂಡಿ ಮೇಲೆತ್ತಿ, ಕಾಲಿನಿಂದ ನೂಕಬೇಕು. ತಲೆಯ ಹಿಂಭಾಗ ನೆಲಕ್ಕೆ ಸವರಿದ ಹಾಗೆ ಹೋಗಬೇಕು, ಭಾರ ಹೆಗಲ ಹಿಂದೆ ಬೀಳಬೇಕು. ಇಷ್ಟೆಲ್ಲ ಹೇಳಿದರೆ ಹತ್ತು ವರ್ಷದ ಮಗುವಿಗೆ ಏನೂ ತಿಳಿಯಲ್ಲ. "ಗದ್ದದ ಕೆಳಗ ಕರ್ಚೀಫು ಇಟ್ಕೋ, ಏಳೋ ತನಕ ಬೀಳಬಾರದು" ಅಂದೆ. ಒಂದೇ ದಿನದಲ್ಲಿ ಸರಿಹೋಯ್ತು! ಏಳುವಾಗ ಕೈ ನೆಲಕ್ಕೆ ಊರುತ್ತಿದ್ದಳು. ಅದಕ್ಕೆ ಎದುರಿಗೆ ನಿಂತು ಶೇಂಗಾ ಚಿಕ್ಕಿ ಹಿಡಿದೆ, ಕೈ ತಾನಾಗೇ ಮುಂದೆ ಬಂತು.

ಆಮೇಲೆ ಗಾಲಿ, ಅಂದರೆ ಕಾರ್ಟ್‌ವೀಲು. ಮಣ್ಣಿನಲ್ಲಿ ಗೆರೆ ಎಳೆದು ಕೈ, ಕೈ, ಕಾಲು, ಕಾಲು. ಕಣ್ಣು ಕೈ ಮೇಲೆ, ಮೊಣಕೈ ನೆಟ್ಟಗೆ. ಇಲ್ಲಿ ಅವಳು ಅಂಜಿದಳು. ಸೊಂಟ ಹಿಡಿದರೆ ಮಾಡ್ತಾಳೆ, ಬಿಟ್ಟರೆ ಇಲ್ಲ. ನಾನು ಜಾಣತನ ಮಾಡಿದೆ. "ಹಿಡೀತೀನಿ" ಅಂತ ಹೇಳಿ ಹಿಡಿಯಲಿಲ್ಲ. ಅವಳು ಚೆನ್ನಾಗೇ ತಿರುಗಿ ನಿಂತಳು. "ನೋಡು, ನೀನೇ ಮಾಡಿದಿ!" ಅಂತ ಹಿಗ್ಗಿದೆ. ಅವಳ ಮುಖ ಸಣ್ಣದಾಯ್ತು. "ಮಾಮಾ, ಹಿಡೀತೀನಿ ಅಂದಿದ್ದಿ."

ಎರಡು ದಿನ ಗೆರೆಯ ಹತ್ತಿರಾನೂ ಬರಲಿಲ್ಲ. ಸೈಕಲ್ ಕಲಿಸುವಾಗ ನಮ್ಮಪ್ಪಂದಿರೆಲ್ಲ ಮಾಡಿದ ಮೋಸಾನೇ ಇದು, ಅದನ್ನ ನಾವು ಪ್ರೀತಿಯಿಂದ ನೆನೆಸ್ಕೊಳ್ತೀವಿ. ಆದರೆ ತಲೆಕೆಳಗಾದಾಗ ಮಗುವಿಗೆ ಲೋಕದಲ್ಲಿ ಗೊತ್ತಿರೋದು ಒಂದೇ, ಹಿಡಿಯೋ ಕೈ ಎಲ್ಲಿದೆ ಅನ್ನೋದು. ಅದೇ ಸುಳ್ಳಾದರೆ? ಕೊನೆಗೆ ಕ್ಷಮೆ ಕೇಳಿದೆ. ಮತ್ತೆ ತೊಟ್ಟಿಲಿಗೆ ಹೋದೆವು, ಅಲ್ಲಿಂದ ಲಾಗ, ಅಲ್ಲಿಂದ ಗಾಲಿ. ಒಂದು ಎರಡು ಮೂರು ಅಂತ ಎಣಿಸೋ ಕೆಲಸಾನೂ ಅವಳಿಗೇ ಬಿಟ್ಟೆ. ಒಂದೊಂದು ಸಲ ಹದಿನೇಳರ ತನಕ ಎಣಿಸ್ತಿದ್ದಳು. ಎಣಿಸಲಿ!

ಈಗ ಎರಡನೇ ತಕರಾರು. ದಂಡೆಯಲ್ಲಿ ನೋಡಿದ ಹಿರಿಯರೊಬ್ಬರು "ಹೆಣ್ಣುಡುಗಿಗಿ ದೊಂಬರಾಟ ಯಾಕ ಕಲಸ್ತಿ?" ಅಂದರು. ಆ ಮಾತಿನಲ್ಲಿ ಎರಡು ಅವಮಾನ ಇವೆ. ತಲೆತಲಾಂತರದಿಂದ ಜಾತ್ರೆ ಸಂತೆಗಳಲ್ಲಿ ಹಗ್ಗದ ಮೇಲೆ ನಡೆದು, ಲಾಗ ಹಾಕಿ ಹೊಟ್ಟೆ ಹೊರೆದ ಒಂದು ಸಮುದಾಯದ ಹೆಸರನ್ನೇ ನಾವು ಬೈಗುಳ ಮಾಡಿಕೊಂಡಿದ್ದೀವಿ. ನಿಜ ಹೇಳಬೇಕಂದ್ರೆ ಈ ವಿದ್ಯೆ ನಮ್ಮ ಕಡೆ ಉಳಿಸಿಕೊಂಡು ಬಂದವರಲ್ಲಿ ಅವರೂ ಇದ್ದಾರೆ. ಇನ್ನು ಚಿಯರ್ ಲೀಡಿಂಗ್ ಅಂದರೆ 2008ರಲ್ಲಿ ಐಪಿಎಲ್ ಶುರುವಾದಾಗ ಎದ್ದ ಗಲಾಟೆಯೇ ಎಲ್ಲರಿಗೂ ನೆನಪು. ಅದು 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಗಂಡು ಹುಡುಗನಿಂದ ಶುರುವಾಗಿದ್ದು ಅಂದರೆ ನಮ್ಮೂರಲ್ಲಿ ಯಾರೂ ನಂಬಲ್ಲ. 2021ರಲ್ಲಿ ಒಲಿಂಪಿಕ್ ಸಮಿತಿ ಅದರ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿದೆ.

ಅಗರ್ತಲಾದ ದೀಪಾ ಕರ್ಮಾಕರ್ ಚಪ್ಪಟೆ ಪಾದದ ಹುಡುಗಿ. 2016ರ ರಿಯೊ ಒಲಿಂಪಿಕ್ಸಿನ ವಾಲ್ಟ್‌ನಲ್ಲಿ 15.066 ಅಂಕ ತಗೊಂಡು ನಾಲ್ಕನೇ ಸ್ಥಾನ, ಕಂಚು ತಪ್ಪಿದ್ದು 0.150 ಅಂಕದಿಂದ. ಅವಳು ಮಾಡಿದ ಪ್ರೊದುನೊವಾ ಅಂದರೆ ಪ್ರಾಣಕ್ಕೇ ಅಪಾಯ ಅನ್ನೋ ಹೆಸರಿದ್ದ ಲಾಗ. ಅವತ್ತು ರಾತ್ರಿ ದೇಶವೆಲ್ಲ ಟೀವಿ ಮುಂದೆ ಕೂತಿತ್ತು, ದೊಂಬರಾಟ ಅಂತ ಯಾರೂ ಅನ್ನಲಿಲ್ಲ. ಅವಳ ಗುರು ಬಿಶ್ವೇಶ್ವರ ನಂದಿಯವರು ಚಿಕ್ಕಂದಿನಿಂದ ಜೊತೆಗಿದ್ದು ಕಲಿಸಿದರು. ನಮ್ಮ ಜನ ನೋಡೋದು ಕೊನೆಯ ಹಾರಾಟ ಮಾತ್ರ, ಅದರ ಹಿಂದೆ ವರ್ಷಗಟ್ಟಲೆ ಉರುಳಿದ್ದು ಯಾರಿಗೂ ಕಾಣಲ್ಲ.

ಎಲ್ಲ ಹುಡುಗಿಯರೂ ದೀಪಾ ಆಗಲಿ ಅಂತ ನಾನು ಹೇಳ್ತಿಲ್ಲ. ಅಕ್ಕನ ಮಗಳೂ ಆಗಲ್ಲ. ನನ್ನ ಚಿಂತೆ ಬೇರೆ. ಇನ್ನೆರಡು ವರ್ಷ ಕಳೆದರೆ "ಸಾಕು ಇನ್ನ, ದೊಡ್ಡಕಿ ಆದಿ" ಅಂತ ಮನೆಯಲ್ಲೇ ಶುರುವಾಗುತ್ತೆ. ಆಮೇಲೆ ಓಡೋದೂ ಇಲ್ಲ, ಹಾರೋದೂ ಇಲ್ಲ. ಹುಡುಗಿಯರಿಗೆ ತಮ್ಮ ಮೈ ತಮ್ಮ ಹಿಡಿತದಲ್ಲಿದೆ ಅಂತ ಅನ್ನಿಸೋದೇ ಈ ನಾಲ್ಕೈದು ವರ್ಷ. ಅದನ್ನೂ ಸಿಮೆಂಟಿನ ಮೇಲೆ ಬೀಳಿಸಿ ಹೆದರಿಸಿ ಕಳೆದರೆ ಹೇಗೆ?

ನಾನು ಹೊರಡೋ ದಿನ ಅವಳು ಗಾಲಿ ಮೂರು ಸಲ ಹೊಡೆದಳು, ಎರಡು ನೆಟ್ಟಗೆ, ಒಂದು ಸೊಟ್ಟ. ಹಿಂದಕ್ಕೆ ಹಾರೋದು ಇನ್ನೂ ಇಲ್ಲ, ಈ ವರ್ಷ ಬೇಡ ಅಂತ ಅವಳೇ ಮಾಸ್ತರಿಗೆ ಹೇಳ್ತಾಳಂತೆ. ಮೊನ್ನೆ ಅಕ್ಕ ಫೋನ್ ಮಾಡಿದಾಗ ಹಿಂದಿನಿಂದ ಎಣಿಸೋ ದನಿ ಕೇಳಿಸ್ತಿತ್ತು. ಪಕ್ಕದ ಮನೆಯ ಹುಡುಗಿಗೆ ಕಲಿಸ್ತಿದ್ದಾಳಂತೆ, ಗದ್ದದ ಕೆಳಗೆ ಅಕ್ಕನ ಹೊಸ ಕರ್ಚೀಫು ಇಟ್ಟು.