ಮೋಟಾರಿನ ಎಣ್ಣೆಯ ದೀಪವೂ ಯಜಮಾನನ ಲೆಕ್ಕವೂ

ಕೊಕ್ಕಡದ ಸುತ್ತಣ ಗ್ರಾಮಗಳಲ್ಲಿ ಅಡಿಕೆತೋಟವುಳ್ಳ ಯಾವ ಮನೆಯಲ್ಲಿಯೂ ಬೋರ್ಡೋ ದ್ರಾವಣವನ್ನು ಮೊದಲನೆಯ ಸಲ ಬಿಟ್ಟ ದಿನವನ್ನು ಮರೆಯುವವರಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬವರು 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಾಸಮಾಡಿ ಈ ಸಿಂಪಡಣೆಯನ್ನು ಪ್ರಚಾರಕ್ಕೆ ತಂದರು. ಈಗಲೂ ಮಳೆ ಹಿಡಿಯುವ ಮುಂಚೆ ಒಮ್ಮೆ ಮದ್ದು ಬಿಟ್ಟು, 40ರಿಂದ 45 ದಿವಸಗಳ ತರುವಾಯ ಮತ್ತೊಮ್ಮೆ ಬಿಡಬೇಕೆಂಬುದನ್ನು ತೋಟದ ಯಜಮಾನರು ಗೋಡೆಯ ಪಂಚಾಂಗದಲ್ಲಿ ಗುರುತುಮಾಡಿಕೊಳ್ಳುತ್ತಾರೆ. ಈ ಕೆಲಸಕ್ಕೆ ಯಾವ ದೀಪವೂ ಅವರನ್ನು ಎಚ್ಚರಿಸಬೇಕಾಗಿಲ್ಲ. ಆದರೆ ಅದೇ ಯಜಮಾನರು ಮದ್ದಿನ ಪೀಪಾಯಿಗಳನ್ನು ಹೊರುವ ಜೀಪಿಗೆ ಎಣ್ಣೆ ಬದಲಿಸಿದ ದಿನ ಯಾವುದೆಂದು ಕೇಳಿದರೆ, “ದೀಪ ಹತ್ತಿದಾಗ ನೋಡಿಕೊಂಡರಾಯಿತು” ಎಂದು ಉತ್ತರ ಕೊಡುವರು. ಈ ಭರವಸೆ ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಯೋಗ್ಯವಾಗಿದೆ.

ಮೊದಲಾಗಿ, ಚಾಲಕನ ಎದುರಿನ ಫಲಕದಲ್ಲಿ ಎಣ್ಣೆಗೆ ಸಂಬಂಧಪಟ್ಟ ಸೂಚನೆಗಳು ಎರಡು ಬಗೆಯವು ಎಂಬುದನ್ನು ತಿಳಿಯತಕ್ಕದ್ದು. ಎಣ್ಣೆಯ ಗಿಂಡಿಯ ಆಕಾರದ ಕೆಂಪು ದೀಪವು ಎಣ್ಣೆಯ ಒತ್ತಡ ಕುಸಿದಿದೆ ಎಂದು ಹೇಳುವುದು. ಓಡುತ್ತಿರುವಾಗ ಅದು ಹತ್ತಿದೊಡನೆಯೇ ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನನ್ನು ಆರಿಸಬೇಕು. ಮನೆ ಮುಟ್ಟುವವರೆಗೆ ಓಡಿಸುತ್ತೇನೆಂದವನು ಎಂಜಿನನ್ನೇ ಕಳೆದುಕೊಳ್ಳುವನು. ಎರಡನೆಯದು ಸರ್ವೀಸಿನ ಕಾಲ ಬಂತೆಂದು ನೆನಪು ಕೊಡುವ ಸೂಚನೆ. ಈ ಲೇಖನದ ವಿಷಯವು ಇದೇ.

ಈ ನೆನಪಿನ ಸೂಚನೆಯು ಎಣ್ಣೆಯನ್ನು ನೋಡುವುದಿಲ್ಲ, ಮುಟ್ಟುವುದಿಲ್ಲ. ಸಾಮಾನ್ಯ ವಾಹನಗಳಲ್ಲಿ ಅದು ಕಳೆದ ಸಲ ಲೆಕ್ಕವನ್ನು ಸೊನ್ನೆಗೆ ತಿರುಗಿಸಿದಂದಿನಿಂದ ಓಡಿದ ಕಿಲೋಮೀಟರುಗಳನ್ನೂ ಕಳೆದ ದಿವಸಗಳನ್ನೂ ಎಣಿಸುತ್ತದೆ, ಅಷ್ಟೆ. ಎಂಜಿನಿನ ಸುತ್ತುಗಳನ್ನೂ ಶಾಖವನ್ನೂ ಲೆಕ್ಕ ಹಾಕಿ ಎಣ್ಣೆಯ ಆಯುಷ್ಯವನ್ನು ಅಂದಾಜುಮಾಡುವ ಏರ್ಪಾಡು ಅಮೆರಿಕದಲ್ಲಿ 1988ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂದಿತು. ಅದು ಕೂಡ ಗಣಿತವೇ ಹೊರತು ಪರೀಕ್ಷೆಯಲ್ಲ. ಲೆಕ್ಕ ಆರಂಭವಾಗುವುದು ಮನುಷ್ಯನೊಬ್ಬನು ಗುಂಡಿಯನ್ನು ಒತ್ತಿದ ಗಳಿಗೆಯಿಂದ. ಆ ಗಳಿಗೆ ಸುಳ್ಳಾದರೆ ಮುಂದಿನ ಲೆಕ್ಕವೆಲ್ಲವೂ ಸುಳ್ಳು.

ತಪ್ಪು ಎರಡು ವಿಧವಾಗಿ ಆಗುವುದುಂಟು. ಎಣ್ಣೆ ಬದಲಿಸಿಯೂ ಸೂಚನೆಯನ್ನು ತಿರುಗಿಸದಿದ್ದರೆ, ಹೊಸ ಎಣ್ಣೆಯಿದ್ದರೂ ದೀಪ ಉರಿಯುತ್ತಲೇ ಇರುವುದು; ಚಾಲಕನು ಅದನ್ನು ಲಕ್ಷಿಸದಿರುವ ಅಭ್ಯಾಸಕ್ಕೆ ಬೀಳುವನು, ಮುಂದೆ ನಿಜವಾದ ಕಾಲ ಬಂದಾಗಲೂ ಲಕ್ಷಿಸನು. ಇದಕ್ಕಿಂತ ಕೆಟ್ಟದ್ದು, ಕಣ್ಣಿಗೆ ಕಿರಿಕಿರಿಯೆಂದು ಎಣ್ಣೆ ಬದಲಿಸದೆಯೇ ದೀಪವನ್ನು ಆರಿಸುವುದು. ಇದು ಸಾಲ ತೀರಿಸದೆ ಪತ್ರವನ್ನು ಹರಿದಂತೆ. ವೈದ್ಯನಾಥೇಶ್ವರ ದೇವಸ್ಥಾನದ ಕೋರಿ ಜಾತ್ರೆಯಲ್ಲಿ ದನಕರುಗಳ ಆರೋಗ್ಯಕ್ಕೆ ಹರಕೆ ಸಲ್ಲಿಸುವ ಊರಿದು. ಎತ್ತಿಗೆ ಸೌಖ್ಯವಿಲ್ಲದಿದ್ದರೆ ಅದು ಮೇವು ಬಿಟ್ಟು ಯಜಮಾನನಿಗೆ ತಿಳಿಸುತ್ತದೆ. ಎಂಜಿನಾದರೋ ಮಸಿಗಟ್ಟಿದ ಎಣ್ಣೆಯಲ್ಲಿಯೂ ನಿನ್ನೆಯಂತೆಯೇ ಓಡುವುದು. ಒಳಗೆ ಎಣ್ಣೆ ಹರಿಯುವ ಸಣ್ಣ ದಾರಿಗಳು ಕಟ್ಟಿಕೊಂಡು ಬೇರಿಂಗುಗಳು ಸವೆಯುವ ಸಂಗತಿ ಹೊರಗೆ ಕಾಣುವುದು ಕೊನೆಯಲ್ಲಿ ಮಾತ್ರ. ಬಹುಮಟ್ಟಿಗೆ ಮದ್ದು ಬಿಡುವ ಆಳುಗಳು ಅಂಗಳಕ್ಕೆ ಬಂದು ನಿಂತಿರುವ ದಿನವೇ.

ಸೂಚನೆಯನ್ನು ತಿರುಗಿಸುವುದು ಕಂಪೆನಿಯವರಿಗೆ ಮಾತ್ರ ಸಾಧ್ಯವೆಂಬ ನಂಬಿಕೆ ಹಲವರಲ್ಲಿದೆ. ಇದು ಪೂರ್ತಿ ಸರಿಯಲ್ಲ. ವಾಹನದ ಸಂಗಡ ಬರುವ ಕೈಪುಸ್ತಕದಲ್ಲಿ ಅನೇಕ ಮಾದರಿಗಳಿಗೆ ವಿಧಾನವನ್ನು ಬರೆದಿದೆ. ಕೆಲವದರಲ್ಲಿ ಟ್ರಿಪ್ಪಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಎಂಜಿನು ಚಾಲೂ ಆಗದಂತೆ ಕೀಲಿಯನ್ನು ತಿರುಗಿಸಿ, ಅಂಕೆಗಳು ಸೊನ್ನೆಯಾಗುವವರೆಗೆ ಬಿಡದೆ ಇರಬೇಕು. ಕೆಲವದರಲ್ಲಿ ಎಕ್ಸಲರೇಟರನ್ನು ಮೂರು ಸಲ ಪೂರ್ತಿ ತುಳಿಯಬೇಕು. ಹೊಸ ಗಾಡಿಗಳಲ್ಲಿ ಫಲಕದ ಪಟ್ಟಿಯೊಳಗೆ ಹುಡುಕಿ ಒಪ್ಪಿಗೆ ಕೊಡಬೇಕು. ಇನ್ನು ಕೆಲವಕ್ಕೆ ಗ್ಯಾರೇಜಿನ ಸ್ಕ್ಯಾನರ್ ಯಂತ್ರವೇ ಬೇಕಾಗುವುದು. ಒಂದರ ವಿಧಾನ ಮತ್ತೊಂದಕ್ಕೆ ಹೊಂದದಾದ್ದರಿಂದ ನೆರೆಮನೆಯವರ ಬಾಯಿಮಾತಿಗಿಂತ ಕೈಪುಸ್ತಕವನ್ನು ನೋಡುವುದು ಲೇಸು. ಉಜಿರೆ, ಬೆಳ್ತಂಗಡಿ ಅಥವಾ ಪುತ್ತೂರಿಗೆ ಗಾಡಿಯನ್ನು ಕೊಂಡೊಯ್ದವರು ಪೇಟೆಯ ಕೆಲಸ ಮುಗಿಸಿ ಬರುತ್ತೇವೆಂದು ಹೊರಟುಹೋಗದೆ, ಹಳೆಯ ಎಣ್ಣೆ ಇಳಿದುದನ್ನೂ ಸೋಸುಕ ಬದಲಾದುದನ್ನೂ ಹೊಸ ಎಣ್ಣೆಯ ಮಟ್ಟವನ್ನೂ ಕಣ್ಣಾರೆ ಕಂಡು, ಆ ಮೇಲೆಯೇ ತಮ್ಮೆದುರಿನಲ್ಲಿ ಸೂಚನೆಯನ್ನು ತಿರುಗಿಸಿಸತಕ್ಕದ್ದು. ಕೆಲಸದವರ ಮೇಲೆ ಅಪನಂಬಿಕೆ ಇದಕ್ಕೆ ಕಾರಣವಲ್ಲ. ಹತ್ತು ಗಾಡಿಗಳ ಗಡಿಬಿಡಿಯಲ್ಲಿ ಕೊನೆಯ ಈ ಸಣ್ಣ ಕೆಲಸವೇ ಮರೆತುಹೋಗುವಂಥದು.

ಕಾರುಗಳಿಗೆ 10,000 ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂಬ ಮಿತಿಯನ್ನು ಅನೇಕ ಕಂಪೆನಿಗಳು ಇಟ್ಟಿವೆ. “ವರ್ಷಕ್ಕೆ ನಾಲ್ಕು ಸಾವಿರವೂ ಓಡಿಲ್ಲ, ಎಣ್ಣೆಯೇಕೆ ಬದಲಿಸಬೇಕು?” ಎಂಬ ವಾದ ಈ ಸೀಮೆಯಲ್ಲಿ ಸಾಮಾನ್ಯ. ಆದರೆ ಮನೆಯಿಂದ ಹಾಲಿನ ಸೊಸೈಟಿಗೆ, ಅಲ್ಲಿಂದ ಪೇಟೆಗೆ ಎಂಬಂತಹ ಗಿಡ್ಡ ಓಟಗಳಲ್ಲಿ ಎಂಜಿನು ಚೆನ್ನಾಗಿ ಕಾಯುವುದಿಲ್ಲ. ಒಳಗೆ ಹುಟ್ಟಿದ ನೀರಿನಂಶ ಆವಿಯಾಗಿ ಹೋಗದೆ ಎಣ್ಣೆಯಲ್ಲಿಯೇ ಸೇರಿಕೊಳ್ಳುವುದು. ಗಿಡ್ಡ ಓಟ, ಧೂಳು, ಭಾರ, ಘಟ್ಟದ ಏರು ಇವುಗಳನ್ನು ಕೈಪುಸ್ತಕಗಳು ಕಠಿನ ಬಳಕೆಯೆಂದೇ ಎಣಿಸಿ ಅವಧಿಯನ್ನು ಕಡಿಮೆ ಮಾಡುತ್ತವೆ. ಬೇಸಗೆಯಲ್ಲಿ ತೋಟದ ಮಣ್ಣಿನ ದಾರಿ, ವರ್ಷಕ್ಕೆ ನಾಲ್ಕಾರು ಸಲ ಶಿರಾಡಿ ಘಾಟಿ: ಇಲ್ಲಿನ ಜೀಪುಗಳಿಗೆ ಈ ಮಾತು ಒಪ್ಪುತ್ತದೆ. ಕಿಲೋಮೀಟರನ್ನೇ ಎಣಿಸುವ ದೀಪಕ್ಕೆ ಇದೊಂದೂ ತಿಳಿಯದು.

ಗ್ರಾಮಪಂಚಾಯತಿನ ಮುಖ್ಯಸ್ಥರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಪಂಚಾಯತಿನ ಕಸ ಸಂಗ್ರಹದ ವಾಹನವು ದಿನವೆಲ್ಲ ಮನೆಮನೆಗೆ ನಿಂತು ನಿಂತು ಹೋಗುವಂಥದು. ಚಾಲಕರು ಬದಲಾಗುತ್ತಾರೆ, ಅಧ್ಯಕ್ಷರೂ ಬದಲಾಗುತ್ತಾರೆ; ದೀಪವನ್ನು ಯಾರು, ಎಂದು, ಯಾತಕ್ಕೆ ತಿರುಗಿಸಿದರೆಂಬುದನ್ನು ಕೇಳಲು ಯಾರೂ ಇರುವುದಿಲ್ಲ. ಗಾಡಿಯೊಳಗೇ ಒಂದು ಪುಸ್ತಕವಿಟ್ಟು, ತಾರೀಕು, ಕಿಲೋಮೀಟರು, ಎಣ್ಣೆಯ ದರ್ಜೆ, ಹಾಕಿದ ಲೀಟರು, ಸೂಚನೆ ತಿರುಗಿಸಿದವರ ರುಜು ಇಷ್ಟನ್ನು ಬರೆಯಿಸಿದರೆ ಅರ್ಧ ಗಳಿಗೆಯ ಕೆಲಸವೂ ಅಲ್ಲ.

ಟ್ರಾಕ್ಟರಿನ ಗಂಟೆ ಮಾಪಕವಾದರೋ ಸೊನ್ನೆಗೆ ತಿರುಗುವುದೇ ಇಲ್ಲ. ಅನೇಕ ಟ್ರಾಕ್ಟರುಗಳಿಗೆ 250 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕೆಂದಿರುವುದರಿಂದ, ಕಳೆದ ಸಲದ ಅಂಕೆಯನ್ನು ಬರೆದಿಡದವನಿಗೆ ಆ ಮಾಪಕದಿಂದ ಪ್ರಯೋಜನವಿಲ್ಲ. ಎಚ್‌ಟಿಪಿ ಪಂಪನ್ನು ನಡೆಸುವ ಸಣ್ಣ ನಾಲ್ಕು ಸ್ಟ್ರೋಕಿನ ಪೆಟ್ರೋಲು ಎಂಜಿನಿಗೆ ಮಾಪಕವೂ ಇಲ್ಲ, ದೀಪವೂ ಇಲ್ಲ. ಹೊಸದರಲ್ಲಿ 20 ಗಂಟೆ, ತರುವಾಯ 100 ಗಂಟೆ ಅಥವಾ ಆರು ತಿಂಗಳು ಎಂಬುದು ಇಂತಹ ಅನೇಕ ಎಂಜಿನುಗಳ ನಿಯಮ. ಮದ್ದು ಬಿಟ್ಟ ದಿವಸಗಳು ಹೇಗೂ ಪಂಚಾಂಗದಲ್ಲಿ ಇವೆ. ಅವುಗಳ ಪಕ್ಕದಲ್ಲಿಯೇ ಪಂಪು ನಡೆದ ಗಂಟೆಗಳನ್ನು ಬರೆದುಕೊಳ್ಳಬಹುದು. ಇಳಿಸಿದ ಕರಿ ಎಣ್ಣೆಯನ್ನು ತೋಟದ ಚರಂಡಿಗೆ ಚೆಲ್ಲಬಾರದು. ಅದು ಕೊನೆಗೆ ಸೇರುವುದು ಹೊಳೆಯನ್ನೇ. ಡಬ್ಬಿಯಲ್ಲಿ ಮುಚ್ಚಿಟ್ಟು, ಮುಂದಿನ ಸಲ ಹೋಗುವಾಗ ಹಳೆ ಎಣ್ಣೆ ಕೂಡಿಸಿಡುವ ಗ್ಯಾರೇಜಿಗೆ ಒಪ್ಪಿಸತಕ್ಕದ್ದು.